ಹನ್ನೊಂದನೇ ಮಹಡಿಯ ಹಿಲರಿ ಸ್ಟೆಪ್

ಜಲಜಾ,

ಹಿಲರಿ ತೀರಿಕೊಂಡರಂತೆ, ಬೆಳಗ್ಗೆ ಪೇಪರಲ್ಲಿ ನೋಡಿದೆ. ಎವರೆಸ್ಟ್ ತುದಿಗೆ ಸ್ವಲ್ಪ ಕೆಳಗೆ, ಒಂದು ಸಲಕ್ಕೆ ಒಬ್ಬರೇ ಹತ್ತಬೇಕಾದ ‘ಹಿಲರಿ ಸ್ಟೆಪ್’ ಬಂಡೆಗೆ ತಮ್ಮ ಹೆಸರು ಕೊಟ್ಟವರು.

ಮನಸ್ಸು ತಡೀಲಿಲ್ಲ. ಬ್ಯಾಗಿಗೆ ಹತ್ತು ಕೇಜಿ ಅಕ್ಕಿ ತುಂಬಿಕೊಂಡು ಆಂಗ್ ಮೋ ಕಿಯೋದ ನಮ್ಮ ಹಳೇ ಅಪಾರ್ಟ್‌ಮೆಂಟ್ ಬ್ಲಾಕಿನ ಮೆಟ್ಟಿಲು ಹತ್ತಿದೆ. ಕಿನಬಾಲು ಬೆಟ್ಟ ಹತ್ತೋಕೆ ನಾವಿಬ್ಬರೂ ತಯಾರಾಗಿದ್ದು ಹೀಗೇ ಅಲ್ವಾ. ಹನ್ನೊಂದನೇ ಮಹಡಿಯ ತಿರುವಿನಲ್ಲಿ ಚೈನೀಸ್ ಆಂಟಿಯ ಹೂಕುಂಡಗಳು ಹಾಗೇ ಇವೆ. ಒಬ್ಬೊಬ್ಬರೇ ನುಸುಳಬೇಕಿದ್ದ ಆ ಜಾಗಕ್ಕೆ ಹಿಲರಿ ಸ್ಟೆಪ್ ಅಂತ ಹೆಸರಿಟ್ಟವಳು ನೀನು.

ಪೇಪರಲ್ಲಿ ಇನ್ನೊಂದು ವಿಷಯವೂ ಇತ್ತು. ಆ ಬಂಡೆ ಮೊದಲು ಹತ್ತಿದ್ದು ಹಿಲರಿ. ಹತ್ತಿದವರು ಮುಂದೆ ಹೋಗಲಿಲ್ಲ. ಹಗ್ಗ ಬಿಗಿ ಹಿಡಿದು, ತೇನ್‌ಸಿಂಗ್ ಮೇಲೆ ಬರುವವರೆಗೂ ಕಾದರು.

ಕಿನಬಾಲು ತುದಿಯಲ್ಲಿ ತೆಗೆಸಿದ ಫೋಟೋ ಇನ್ನೂ ನನ್ನ ಗೋಡೆ ಮೇಲಿದೆ. ಅದರಲ್ಲಿ ನಾನೊಬ್ಬಳೇ ಇದ್ದೀನಿ.

"ನಿನ್ನ ಫ್ರೆಂಡ್ ಎಲ್ಲಿ?" ಅಂತ ಕುಂಡಗಳ ಪಕ್ಕದ ಬಾಗಿಲು ತೆರೆದು ಆಂಟಿ ಕೇಳಿದರು.

"ಹಿಂದೆ ಬರ್ತಿದ್ದಾಳೆ ಆಂಟಿ" ಅಂದುಬಿಟ್ಟೆ. ಮೂರು ವರ್ಷದಿಂದ ನೀನೆಲ್ಲಿದ್ದೀಯ ಅಂತಲೇ ಗೊತ್ತಿಲ್ಲದ ನಾನು.

ಅವರು ಕೆಳಗೆ ಇಣುಕಿ ನೋಡಿದರು. ಆಮೇಲೆ ದೊಡ್ಡ ಕುಂಡವನ್ನು ಕಾಲಲ್ಲೇ ಗೋಡೆ ಪಕ್ಕಕ್ಕೆ ತಳ್ಳಿದರು. ಅವರು ಬಾಗಿಲು ಹಾಕಿಕೊಂಡ ಮೇಲೂ ನಾನು ಮುಂದೆ ಹತ್ತದೆ ಅಲ್ಲೇ ನಿಂತಿದ್ದೆ.

ಮುಂದಿನ ಶನಿವಾರವೂ ಬರ್ತೀನಿ. ಈಗ ಅಲ್ಲಿ ಇಬ್ಬರು ಜೊತೆಗೆ ಹತ್ತುವಷ್ಟು ಜಾಗ ಇದೆ ಕಣೇ.

ಶುಭಾ