ಎಡಗೈಯ ಹತ್ತು ಗುಂಡು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಚಿನಕುರಳಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿ ಯಾವುದೋ ಒಂದನೇ ಕ್ಲಾಸಿನ ಮಗು ಬರೆದಿದೆ ಅಂದುಕೊಂಡಿರುತ್ತೀಯ. ಬರೆದವಳು ನಾನೇ, ನಿನ್ನ ಅಮ್ಮ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಜೀವಕ್ಕೇನೂ ಆಗಿಲ್ಲ. ಸೆಪ್ಟೆಂಬರಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡೆ. ಡಾಕ್ಟರು ಕೂಡಿಸಿದರು, ಆದರೆ ಅದು ಮೊದಲಿನ ಹಾಗೆ ಕೂಡಲಿಲ್ಲ. ತುಂಬಿದ ಲೋಟ ಹಿಡಿದರೂ ನಡುಗುತ್ತದೆ. ನಿನ್ನ ವಿಳಾಸವನ್ನು ಚಿಕ್ಕಮ್ಮನಿಂದ ಕಾಡಿ ಬೇಡಿ ತೆಗೆದುಕೊಂಡೆ. ಅವಳ ಮೇಲೆ ರೇಗಬೇಡ. ಆರು ವರ್ಷ ಬಾಯಿ ಬಿಡದೆ ಇದ್ದಳು, ಪಾಪ.

ಬಾ ಅಂತ ಕರೆಯಲು ಬರೆಯುತ್ತಿಲ್ಲ, ಕರೆಯುವ ಮುಖ ನನಗಿಲ್ಲ. ಒಂದೇ ಒಂದು ಸಾಲು ಉತ್ತರ ಬಂದರೆ ಸಾಕು. ಬೈದು ಬರೆದರೂ ಸರಿಯೇ. ನಿನ್ನ ಬೈಗುಳ ಕೇಳಿಯೂ ಆರು ವರ್ಷವಾಯಿತು.

ನಿನ್ನೆ ನನ್ನ ಪರೀಕ್ಷೆ ಇತ್ತು. ಶೂಟಿಂಗ್ ಕ್ಲಬ್ಬಿನಲ್ಲಿ ಕಲಿಸುವವರೂ ವರ್ಷಕ್ಕೊಮ್ಮೆ ಹತ್ತು ಗುಂಡು ಹೊಡೆದು ನೂರಕ್ಕೆ ಎಂಬತ್ತು ತೆಗೆಯಬೇಕೆಂಬುದು ನಿನಗೆ ಗೊತ್ತೇ ಇದೆ. ಬರದಿದ್ದರೆ ರೇಂಜಿನ ಬೀಗದ ಕೈ ಒಪ್ಪಿಸಿ ಮನೆಗೆ ಹೋಗಬೇಕು. ಮನೆಗೆ ಹೋಗಿ ಮಾಡುವುದಾದರೂ ಏನು? ಎರಡು ಕೋಣೆ, ಒಂದು ಕಿಟಕಿ, ಎದುರುಗಡೆ ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿ ಗೋಡೆ. ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಆರು ವಾರದಲ್ಲಿ ನನ್ನ ಫೋನು ರಿಂಗಾದದ್ದು ನಾಲ್ಕು ಸಲ. ಅದರಲ್ಲಿ ಎರಡು ರಾಂಗ್ ನಂಬರ್. ಹಾಗಾಗಿ ಬಲಗೈ ಹೋದರೆ ಹೋಗಲಿ, ಎಡಗೈಯಲ್ಲಿ ಹೊಡೆದೇ ತೀರುತ್ತೇನೆ ಅಂತ ಹಟ ಹಿಡಿದೆ.

ಪಿಸ್ತೂಲು ಮನೆಗೆ ತರುವ ಹಾಗಿಲ್ಲವಲ್ಲ, ಇಸ್ತ್ರಿಪೆಟ್ಟಿಗೆಯನ್ನೇ ಎಡಗೈಯಲ್ಲಿ ಚಾಚಿ ಹಿಡಿದು ಗೋಡೆಯ ಸ್ವಿಚ್ಚಿಗೆ ಗುರಿಯಿಡುತ್ತಾ ನಿಲ್ಲುತ್ತಿದ್ದೆ. ಮೊದಮೊದಲು ಹತ್ತು ಎಣಿಸುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತಿತ್ತು. ಒಂದು ದಿನ ಕೆಳಗಿನ ಮನೆಯಾಕೆ ಯಾವುದೋ ಪಾರ್ಸೆಲ್ ಕೊಡಲು ಬಂದವಳು ಬಾಗಿಲಲ್ಲೇ ನಿಂತು ನೋಡಿ, “ಏನ್ರೀ, ಇಸ್ತ್ರಿ ಸರಿ, ಬಟ್ಟೆ ಎಲ್ರೀ?” ಅಂದಳು. ನಾನು ನಕ್ಕೆ. ಮನೆಯಲ್ಲಿ ಜೋರಾಗಿ ನಕ್ಕು ಎಷ್ಟು ದಿನವಾಗಿತ್ತೋ, ನನ್ನ ದನಿಗೆ ನಾನೇ ಬೆಚ್ಚಿದೆ. ಕೂತು ಟೀ ಕುಡಿದು ಹೋಗಿ ಅಂದೆ. ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಅಂತ ಹೊರಟೇ ಹೋದಳು.

ರೇಂಜಿನಲ್ಲಿ ಮೊದಲ ದಿನ ನನ್ನ ಗುರಿಯ ಕಾಗದಕ್ಕೆ ಒಂದು ತೂತೂ ಬೀಳಲಿಲ್ಲ. ಮೂವತ್ತು ವರ್ಷ ಕಲಿಸಿದವಳು, ಹತ್ತು ಮೀಟರು ದೂರದ ಕಾಗದವನ್ನು ಮುಟ್ಟಲಾಗಲಿಲ್ಲ! ಬಲಗೈಗೆ ಗೊತ್ತಿದ್ದ ವಿದ್ಯೆಯಲ್ಲಿ ಎಡಗೈಗೆ ಒಂದಕ್ಷರವೂ ಗೊತ್ತಿಲ್ಲ. ಬೆರಳು ಪಿಸ್ತೂಲಿನ ಕುದುರೆಯನ್ನು ಮೆಲ್ಲಗೆ ಒತ್ತುವ ಬದಲು ಜಗ್ಗುತ್ತದೆ. ನೋಡುವ ಕಣ್ಣು ಬಲದ್ದು, ಹಿಡಿದ ಕೈ ಎಡದ್ದು, ಎರಡನ್ನೂ ಹೊಂದಿಸಲು ಹೋಗಿ ಕತ್ತು ಸೊಟ್ಟಗಾಗುತ್ತದೆ. ಕೊನೆಗೆ ಕನ್ನಡಕದ ಬಲಗಾಜಿಗೆ ಕಾಗದ ಅಂಟಿಸಿಕೊಂಡೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಕಡಲ್ಗಳ್ಳರ ಹಾಗೆ ಕಾಣುತ್ತಿದ್ದೆ.

ಡಿಸೆಂಬರಿನಲ್ಲಿ ಮರ್ಯಾದೆ ಪೂರ್ತಿ ಹೋಯಿತು. ಪಕ್ಕದ ಸಾಲಿನಲ್ಲಿ ರಿಟೈರಾದ ಲೆಕ್ಕದ ಮೇಷ್ಟ್ರು, ಹೊಸದಾಗಿ ಕಲಿಯಲು ಬಂದವರು. ನಾನು ಹತ್ತು ಹೊಡೆದೆ, ಅವರೂ ಹತ್ತು ಹೊಡೆದರು. ಕಾಗದ ತಂದು ನೋಡಿದರೆ ನನ್ನದರಲ್ಲಿ ಐದು ತೂತು, ಅವರದರಲ್ಲಿ ಹದಿನೈದು. ಪಿಸ್ತೂಲನ್ನು ಎಡಗೈಗೆ ಬದಲಾಯಿಸಿದ್ದೆ, ಪಾದ ಬದಲಾಯಿಸಲು ಮರೆತಿದ್ದೆ! ಬಲಗೈಯವರ ಹಾಗೆ ನಿಂತಿದ್ದರಿಂದ ಮೈಯೆಲ್ಲ ಪಕ್ಕದ ಸಾಲಿನ ಕಡೆಗೇ ತಿರುಗಿತ್ತು, ತೋಳೂ ಅತ್ತಲೇ ಹೋಯಿತು. ಮೇಷ್ಟ್ರು ಎರಡು ಸಲ ಎಣಿಸಿ, “ಮೇಡಂ, ನಾನು ಲೆಕ್ಕ ತಪ್ಪೋನಲ್ಲ” ಅಂತ ಸಂಕೋಚದಿಂದ ಹೇಳಿದರು. ಪಿಸ್ತೂಲು ರಿಪೇರಿ ಮಾಡುವ ನಿನ್ನ ರಿಪೇರಿ ಮಾಮ ಅಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ದಿನ ಬಸ್ಸಿನಲ್ಲಿ ಬರುವಾಗ ನೀನು ನೆನಪಾದೆ. ಸುಳ್ಳೇಕೆ ಹೇಳಲಿ, ನೆನಪಾಗದ ದಿನವಿಲ್ಲ, ಆದರೆ ಅಂದು ಇಳಿಯುವ ಸ್ಟಾಪೂ ದಾಟಿಹೋಗಿ ಹಿಂದಕ್ಕೆ ನಡೆದು ಬಂದೆ. ನಿನಗೆ ಹನ್ನೆರಡು ತುಂಬಿದಾಗ ಮೊದಲ ಸಲ ಪಿಸ್ತೂಲು ಕೊಟ್ಟೆ. ನೀನು ಎಡಗೈ ಚಾಚಿದೆ. ಆ ಕೈ ಅಲ್ಲ ಅಂದೆ. ಮಾರನೆಯ ದಿನವೂ ಎಡಗೈಯೇ ಬಂತು. ಕ್ಲಬ್ಬಿನಲ್ಲಿದ್ದ ಪಿಸ್ತೂಲಿನ ಹಿಡಿಗಳೆಲ್ಲ ಬಲಗೈಯವು. ಕಲಿಸುವವಳ ಮಗಳೆಂದು ಬೇರೆ ಹಿಡಿ ಮಾಡಿಸಿದರು ಅಂತ ಯಾರಾದರೂ ಆಡಿಕೊಂಡಾರು ಎಂದು ನನಗೆ ದಿಗಿಲು. ಹತ್ತು ವರ್ಷ ನಿನ್ನನ್ನು ತಪ್ಪು ಕೈಯಲ್ಲಿ ನಿಲ್ಲಿಸಿ, ಗುಂಡು ಆಚೀಚೆ ಹೋದಾಗಲೆಲ್ಲ ನಿನಗೆ ಮನಸ್ಸಿಲ್ಲ, ಶ್ರದ್ಧೆಯಿಲ್ಲ, ಕಣ್ಣು ತಲೆಯಲ್ಲಿದೆಯೋ ಕಾಲಲ್ಲಿದೆಯೋ ಅಂತ ಎಲ್ಲರೆದುರು ಬೈದೆ. ಎಡಗೈಯಲ್ಲಿ ಆರು ತಿಂಗಳು ಒದ್ದಾಡಿದ ಮೇಲೆ ನಿನ್ನ ಹತ್ತು ವರ್ಷ ಏನೆಂದು ಸ್ವಲ್ಪ ಗೊತ್ತಾಯಿತು. ತಪ್ಪಾಯಿತು, ಮಗಳೇ.

ಜನವರಿಯಲ್ಲಿ ರಿಪೇರಿ ಮಾಮ ನನಗೊಂದು ಎಡಗೈ ಹಿಡಿ ಕೆತ್ತಿ ಕೊಡುತ್ತೇನೆ ಅಂದ. ಅಳತೆ ತೆಗೆದುಕೊಳ್ಳುತ್ತಾ ಕೂತವನು ಇದ್ದಕ್ಕಿದ್ದ ಹಾಗೆ ಎದ್ದು, ಬಿಸ್ಕತ್ತಿನ ಡಬ್ಬದಿಂದ ಒಂದು ಹಳೆಯ ಹಿಡಿ ತೆಗೆದು ಮೇಜಿನ ಮೇಲಿಟ್ಟ. ಚಿಕ್ಕ ಅಂಗೈಯದು. “ಇದು ನಿಮ್ಮ ಮಗಳದ್ದು. ಅಮ್ಮಂಗೆ ಹೇಳ್ಬೇಡಿ ಮಾಮ ಅಂತ ಆಣೆ ಹಾಕಿಸ್ಕೊಂಡಿದ್ಲು. ಇನ್ನೂ ಎಷ್ಟು ದಿನ ಬಚ್ಚಿಡ್ಲಿ?” ಅಂದ. ಗುರುವಾರಗಳಂದು ಕ್ಲಬ್ಬಿಗೆ ರಜೆಯಿದ್ದಾಗ ನೀನು ನಾಲ್ಕು ತಿಂಗಳು ಎಡಗೈಯಲ್ಲಿ ಅಭ್ಯಾಸ ಮಾಡಿದ್ದೆಯಂತೆ. ನನಗೆ ಇದೊಂದೂ ಗೊತ್ತೇ ಇರಲಿಲ್ಲ.

ರಾಜ್ಯ ತಂಡದ ಆಯ್ಕೆಯ ದಿನ ನೀನು ಕಾರಿಡಾರಿನಲ್ಲಿ ಬಂದು, ಅಮ್ಮ, ನಾನು ಎಡಗೈಯಲ್ಲಿ ಹೊಡೀಲಾ ಅಂತ ಕೇಳಿದ್ದು ಏಕೆಂದು ಆಗ ಅರ್ಥವಾಯಿತು. ರೂಲ್ಸಿನಲ್ಲಿ ಇಲ್ಲ, ಅರ್ಜಿಯಲ್ಲಿ ಬರೆಸಿದ ಕೈಯಲ್ಲೇ ಹೊಡೆಯಬೇಕು ಅಂದೆ. ನಿಯಮ ನಿಯಮವೇ, ಅದಕ್ಕೆ ಅಮ್ಮ ಮಗಳು ಅಂತಿಲ್ಲ ಅನ್ನುವುದು ನನ್ನ ಸ್ವಭಾವ, ನಿನಗೆ ಗೊತ್ತು. ನೀನು ತಿರುಗಿ ಒಳಗೆ ಹೋದೆ. ಬಲಗೈಯಲ್ಲಿ ಹೊಡೆದು ಎಪ್ಪತ್ತೆಂಟು ತೆಗೆದೆ, ಆಯ್ಕೆಯಾಗಲಿಲ್ಲ. ಪಿಸ್ತೂಲು ಖಾಲಿ ಮಾಡಿ, ಅದರ ನಳಿಗೆಯ ಬಾಯಿ ಆಚೆ ತಿರುಗಿಸಿ, ಕಲಿಸಿದ ಹಾಗೇ ಮೇಜಿನ ಮೇಲಿಟ್ಟು ಹೊರಟೆ. ನನ್ನನ್ನು ದಾಟಿ ಹೋಗುವಾಗ ಮುಖ ಎತ್ತಲಿಲ್ಲ. ಅವಳಿಗೆ ಗುಂಡಿಗೆ ಇಲ್ಲ ಅಂತ ನಾನು ಅಲ್ಲಿದ್ದವರಿಗೆಲ್ಲ ಹೇಳಿಕೊಂಡು ತಿರುಗಿದೆ. ನೀನು ಅಂದು ಸಂಜೆಯೇ ಚಿಕ್ಕಮ್ಮನ ಮನೆಗೆ ಹೋದೆ. ಎರಡು ದಿನದಲ್ಲಿ ತಾನಾಗಿ ಬರುತ್ತಾಳೆ ಅಂತ ನಾನು ಜಂಭದಿಂದ ಕೂತೆ. ಬರಲಿಲ್ಲ.

ಇನ್ನು ನಿನ್ನೆಯ ವಿಷಯ. ಪರೀಕ್ಷೆ ನಡೆಸಿದವರು ನನ್ನ ಮಣಿಕಟ್ಟು ನೋಡಿ, ಹತ್ತೂ ಗುಂಡನ್ನು ಎಡಗೈಯಲ್ಲೇ ಹೊಡೆಯಬಹುದು ಅಂದರು. ಪಾದ ನೋಡಿಕೊಂಡೆ. ಉಸಿರು ಅರ್ಧ ಬಿಟ್ಟು ಹಿಡಿದೆ. ಮೊದಲನೆಯದು ಆರರ ವೃತ್ತಕ್ಕೆ ಬಿತ್ತು. ಆಮೇಲೆ ಸುಧಾರಿಸಿಕೊಂಡೆ. ಒಟ್ಟು ಎಂಬತ್ಮೂರು! ಮಾಮ ಚಪ್ಪಾಳೆ ತಟ್ಟಿದ, ಮೇಷ್ಟ್ರು ಕೈ ಕುಲುಕಲು ಬಂದವರು ಯಾವ ಕೈ ಹಿಡಿಯುವುದೆಂದು ತಿಳಿಯದೆ ಸುಮ್ಮನೆ ನಮಸ್ಕಾರ ಮಾಡಿದರು.

ಮನೆಗೆ ಬಂದು ಬೀಗ ತೆಗೆದು, ಪಾಸಾದೆ ಕಣೇ ಅಂತ ಜೋರಾಗಿಯೇ ಹೇಳಿದೆ. ಫ್ರಿಜ್ಜು ಗುರ್ರೆಂದಿತು, ಅಷ್ಟೇ. ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತು ಅತ್ತೆ. ಇನ್ನೊಂದು ವರ್ಷ ಕೆಲಸ ಉಳಿಯಿತು, ಆದರೆ ಅದನ್ನು ಕೇಳಿ ಖುಷಿಪಡುವವರು ಈ ಮನೆಯಲ್ಲಿ ಒಬ್ಬರೂ ಇಲ್ಲ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಒಂದು ಸಾಲು ಬರೆ, ಆಯಿತಾ?

ನಿನ್ನ,
ಅಮ್ಮ

ಮರೆತದ್ದಲ್ಲ, ಬಿಟ್ಟದ್ದು: ಲಕೋಟೆ ಅಂಟಿಸಿ ಚಪ್ಪಲಿ ಮೆಟ್ಟಿದ್ದೆ, ಮತ್ತೆ ಬಂದು ಹರಿದೆ. ಮೇಲೆ ಎರಡು ಸುಳ್ಳು ಬರೆದಿದ್ದೇನೆ. ಬರೆಸಿದ ಕೈಯಲ್ಲೇ ಹೊಡೆಯಬೇಕೆಂಬ ನಿಯಮ ಇಲ್ಲ. ಯಾವ ಕೈಯಲ್ಲಾದರೂ ಹೊಡೆಯಬಹುದು ಅಂತ ನಿಯಮದ ಪುಸ್ತಕದಲ್ಲಿ ಅಂದೂ ಇತ್ತು, ಆ ಪುಸ್ತಕ ಅಂದು ನನ್ನ ಚೀಲದಲ್ಲೇ ಇತ್ತು. ಗುರುವಾರದ ಅಭ್ಯಾಸವೂ ನನಗೆ ಗೊತ್ತಿತ್ತು. ಒಂದು ಗುರುವಾರ ಕನ್ನಡಕ ಮರೆತು ಬಂದಿದ್ದೇನೆಂದು ಕ್ಲಬ್ಬಿಗೆ ಹೋದಾಗ ಬಾಗಿಲ ಸಂದಿಯಿಂದ ನೋಡಿದೆ. ನೀನು ಎಡಗೈಯಲ್ಲಿ ಹತ್ತು ಹೊಡೆದೆ, ಮಾಮ ಕಾಗದ ತಂದು ತೊಂಬತ್ನಾಲ್ಕು ಅಂತ ಕೂಗಿದ, ನೀನು ಕುಣಿದೆ. ಮೂವತ್ತು ವರ್ಷದಲ್ಲಿ ನನಗೆ ತೊಂಬತ್ತೊಂದರ ಮೇಲೆ ಬಂದಿಲ್ಲ. ಹೊಟ್ಟೆ ಉರಿಯಿತು, ಹೆತ್ತ ಮಗಳ ಮೇಲೆ. ನಾನು ಕಲಿಸಿದ್ದೆಲ್ಲ ತಪ್ಪು ಅಂತ ಊರಿಗೆಲ್ಲ ಗೊತ್ತಾಗುತ್ತದೆ ಅಂತಲೂ ಭಯವಾಯಿತು. ಸದ್ದು ಮಾಡದೆ ಮನೆಗೆ ಬಂದುಬಿಟ್ಟೆ. ಆಯ್ಕೆಯ ದಿನ ನೀನು ಕಾರಿಡಾರಿನಲ್ಲಿ ಬಂದು ಕೇಳಿದಾಗ, ಎಡಗೈಯಲ್ಲಿ ಹೊಡೆದರೆ ನೀನು ಗೆಲ್ಲುತ್ತೀಯ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬೇಡ ಅಂದೆ.