ತೋಳಿನ ಗುಳ್ಳೆ

೧೨ ನವೆಂಬರ್, ಬುಧವಾರ

ಜಂಬಕ್ಕ ಎಲ್ಲರ ಮುಂದೆ ಹಾಗಂದುಬಿಟ್ಟಳಲ್ಲ, ಅದೇ ಮನಸ್ಸಿನಿಂದ ಹೋಗುತ್ತಿಲ್ಲ.

ಗುಡೇಕೋಟೆಯ ಭೂಮಿಕಾಳ ಕೂಸಿಗೆ ಹೋದ ತಿಂಗಳು ಕ್ಷಯ ಬರದಂತೆ ಬಿಸಿಜಿ ಚುಚ್ಚುಮದ್ದು ಹಾಕಿದ್ದೆ. ಈಗ ತೋಳಿನಲ್ಲಿ ಕೀವುಗುಳ್ಳೆ ಎದ್ದಿದೆ. ಇವತ್ತು ಕೂಸಿನ ಅಜ್ಜ ಹುಲುಗಣ್ಣ ಬೀದಿಯಲ್ಲೇ ನನ್ನನ್ನು ತಡೆದ.

"ಕೂಸಿನ ಕೈ ಕೊಳಿಸಿಬಿಟ್ಟೆಲ್ಲವಾ! ಸೂಜಿ ಹಾಕಾಕ ಬರ್ತೈತೇನು ನಿನಗ?"

"ಯಜಮಾನ್ರ, ಇದನ್ನ ತೊಗಲಿನೊಳಗ ಹಾಕೋದ್ರಿ. ತೊಗಲು ರೋಗದ ಜೋಡಿ ಹೊಡೆದಾಡೋದು ಕಲಿಯಾಕ ಹತ್ತೈತಿ, ಅದಕ್ಕ ಗುಳ್ಳಿ. ತಾನ ಒಣಗಿ ಸಣ್ಣದೊಂದು ಕಲೆ ಉಳೀತೈತ್ರಿ."

ಅವನು ನಂಬಲಿಲ್ಲ. ಜೊತೆಗಿದ್ದ ಜಂಬಕ್ಕನ ಕಡೆ ನೋಡಿದೆ. ಅವಳು ಆ ಊರಿನ ಆಶಾ ಕಾರ್ಯಕರ್ತೆ. ಅವಳ ಮೊಮ್ಮಗಳಿಗೂ ನಾನೇ ಹಾಕಿದ್ದು, ಹೀಗೇ ಗುಳ್ಳೆ ಎದ್ದು ಮಾಗಿತ್ತು.

"ನನಗೇನ್ ಗೊತ್ತಪ್ಪ, ಹಾಕಿದಾಕಿ ಆಕಿ," ಎಂದಳು.

ಬಸ್ಸಿಗೆ ಕಾಯುವಾಗ ಯಾಕೆ ಹಾಗಂದೆ ಎಂದು ಕೇಳಿದೆ. "ನೀ ಬಸ್ ಹತ್ತಿ ಕೂಡ್ಲಿಗಿಗೆ ಹೋಗ್ತಿ. ನಾ ಇವರ ನಡುವ ಬಾಳೇವು ಮಾಡಬೇಕಲ್ಲವಾ," ಎಂದಳು.

ಅದು ಸುಳ್ಳಲ್ಲ. ಹುಲುಗಣ್ಣ ಬೈದದ್ದನ್ನೂ ಮರೆತೇನು. ಆದರೆ ಇಷ್ಟು ವರ್ಷ ನನ್ನನ್ನು ತಂಗಿ ಎಂದು ಕರೆದವಳ ಬಾಯಲ್ಲಿ ನಾನು ಬರೀ "ಆಕಿ" ಆಗಿಬಿಟ್ಟೆ. ಮುಂದಿನ ವಾರ ಮತ್ತೆ ಅವಳ ಜೊತೆಗೇ ಮನೆಮನೆ ತಿರುಗಬೇಕು. ಏನಂತ ಮಾತಾಡಿಸಲಿ...