ಕೆಳಗೊಂದು ಬೆಳಕು

ಜನವರಿ 9, ಸಂಜೆ

ಗೇಮಿನ ನಾಲ್ಕನೇ ಅಧ್ಯಾಯ ಇವತ್ತೂ ಸಪ್ಪೆ. ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ. ಮೀಟಿಂಗಿನಲ್ಲಿ ಗಡ್ಡ ಮತ್ತೆ ಅದೇ ಪುರಾಣ ಬಿಚ್ಚಿದ. ಅವನೇ ಬಾಸ್, ಅವನ ಪುರಾಣ ಕೇಳಲೇಬೇಕು. "ನಮ್ಮ ಹೀರೋ ಸೈನಿಕ ಅಲ್ಲ, ನೆನಪಿಟ್ಕೊಳ್ಳಿ. ನಲವತ್ತರ ದಶಕ, ಯುದ್ಧ, ಒಬ್ಬ ಬಡಪಾಯಿ ಗಸ್ತಿನವನು. ಸೈರನ್ ಆದ್ಮೇಲೆ ಬೀದಿ ಸುತ್ತಿ, ಬಾಂಬ್ ಹಾಕೋ ವಿಮಾನಕ್ಕೆ ಕಾಣದ ಹಾಗೆ ಎಲ್ಲರ ಮನೆ ದೀಪ ಆರಿಸ್ಬೇಕು. ಅಷ್ಟೇ ಗೇಮು." ಅಷ್ಟೇ ಅಂತೆ. ಎರಡು ವರ್ಷದಿಂದ ಆ ಅಷ್ಟನ್ನೇ ಮಾಡುತ್ತಿದ್ದೇವೆ. ಆಮೇಲೆ ನನ್ನ ಕಡೆ ತಿರುಗಿದ. "ಕಥೆ ಬರೆಯೋರು ನೀವು. ಎಲ್ಲಾದ್ರೂ ಒಂದು ಕಡೆ ಎದೆಗೆ ಒದೀಬೇಕಲ್ವಾ? ಎಲ್ಲಿ ಒದಿಯತ್ತೆ?" ಒದೆಯುವುದೇ ಆದರೆ ಯಾರಿಗೆ ಅಂತ ಗೊತ್ತಿತ್ತು. ಹೇಳಲಿಲ್ಲ.

ಪಕ್ಕದಲ್ಲಿ ಗುಂಡಿಮೇಷ್ಟ್ರು ಹಾಯಾಗಿ ಕೂತಿದ್ದ. ನಮ್ಮ ಆರ್ಟಿಸ್ಟು. ಆ ಕಾಲದ ಕೋಟಿನ ಗುಂಡಿಗೆ ಎರಡು ತೂತೋ ನಾಲ್ಕೋ ಅಂತ ವಾರಗಟ್ಟಲೆ ಹುಡುಕಿ ಗಳಿಸಿದ ಬಿರುದು. ಈಗ ಬೀದಿದೀಪದ ಕಂಬದ ತುಕ್ಕು ಬಿಡಿಸುತ್ತಿದ್ದಾನೆ. ತುಕ್ಕೂ ಆ ಕಾಲದ್ದೇ ಆಗಬೇಕಂತೆ. ಅವನಿಗೇನು, ತುಕ್ಕು ಯಾರ ಎದೆಗೂ ಒದೆಯಬೇಕಾಗಿಲ್ಲ.

ಜನವರಿ 11, ಭಾನುವಾರ

ಅಜ್ಜಿಯ ಉಗುರು ಕತ್ತರಿಸಿದೆ. ಅಮ್ಮನ ಕೈ ನಡುಗುತ್ತದೆ, ಸೋದರಮಾವನ ಕೈಗೆ ಕತ್ತರಿ ಕೊಡುವ ಹಾಗಿಲ್ಲ, ಆದ್ದರಿಂದ ಅದು ನನ್ನ ಪಾಲಿನ ಕೆಲಸ. ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು. ಗೇಮಿನ ಬೀದಿ, ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಅಜ್ಜಿ ಬಗ್ಗಿ ನೋಡಿದಳು.

"ಇದು ನಮ್ಮ ಬೀದಿ ಥರಾನೇ ಇದೆಯಲ್ಲೇ."

ಜಂಬ ಬಂತು. "ಮತ್ತೆ? ಎಲ್ಲ ಓದಿ, ಹುಡುಕಿ, ಗೊತ್ತಿರೋರನ್ನ ಕೇಳಿ ಮಾಡಿರೋದು ಅಜ್ಜಿ. ಒಂದು ಗುಂಡಿನೂ ಸುಳ್ಳಲ್ಲ."

ಅಜ್ಜಿ ಪರದೆಯ ಕಿಟಕಿಗಳನ್ನೇ ನೋಡಿದಳು. ಆಮೇಲೆ ಹೇಳಿದಳು. ಎಡಗೈ ಮುಗಿದು ಬಲಗೈ ಹಿಡಿದಿದ್ದೆ.

ಆಗ ಅಜ್ಜಿಗೆ ಒಂಬತ್ತು ವರ್ಷ. ಸೈರನ್ ಆಗಿತ್ತು. ಮನೆಯವರೆಲ್ಲ ನೆಲಮಾಳಿಗೆಗೆ ಇಳಿದಿದ್ದರು. ಇವಳ ಹೊಸ ಬೂಟು ಮೇಲೆ, ಮಂಚದ ಕೆಳಗೆ. ಬಂದ ದಿನವೇ ಬಿಟ್ಟು ಇಳಿಯಬೇಕಾಗಿತ್ತು. ತಡೆಯಲಾಗಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮೇಲೆ ಹತ್ತಿದಳು. ಬೂಟು ಅಲ್ಲೇ ಇದೆಯೋ ಇಲ್ಲವೋ ಅಂತ ನೋಡಲು ಒಂದು ಕಡ್ಡಿ ಗೀರಿದಳು. ಕಿಟಕಿಯ ಕಾಗದ ಒಂದು ಮೂಲೆಯಲ್ಲಿ ಕಿತ್ತಿತ್ತು. ಒಂದೇ ಕಡ್ಡಿ. ಇವಳು ಬೂಟು ಎದೆಗವಚಿಕೊಂಡು ಕೆಳಗಿಳಿಯುವಷ್ಟರಲ್ಲಿ ಎದುರು ಮನೆಯ ಮೇಲೆ ಬಾಂಬ್ ಬಿತ್ತು. ಗಡಿಯಾರ ರಿಪೇರಿಯವನ ಮನೆ. ಅವನು, ಅವನ ಹೆಂಡತಿ, ಮಗಳು. ಮಗಳು ಶಾಲೆಯಲ್ಲಿ ಅಜ್ಜಿಯ ಬೆಂಚಿನವಳು.

"ಆವತ್ತು ಬೇರೆ ಕಡೆನೂ ಬಿದ್ದಿತ್ತು. ದೀಪ ಇಲ್ಲದ ಕಡೆನೂ ಬಿದ್ದಿತ್ತು. ಅದಕ್ಕೇ ನಂಗೆ ಗೊತ್ತಿಲ್ಲ. ಅಷ್ಟು ಎತ್ತರದಿಂದ ಒಂದು ಕಡ್ಡಿ ಕಾಣತ್ತೋ ಇಲ್ವೋ. ಒಂದೊಂದು ದಿನ ಕಾಣಲ್ಲ ಅನ್ಸತ್ತೆ. ಆವತ್ತು ಊಟ ಸೇರತ್ತೆ."

ನಾನು ತಲೆ ಎತ್ತದೆ ಉಗುರು ಕತ್ತರಿಸುತ್ತಲೇ ಇದ್ದೆ.

"ನಿಮ್ಮಜ್ಜನಿಗೂ ಹೇಳಿಲ್ಲ. ನಿಮ್ಮಮ್ಮನಿಗೂ ಗೊತ್ತಿಲ್ಲ. ನಿನ್ನ ಹೊಟ್ಟೇಲಿಟ್ಕೋ."

ಇಟ್ಕೋತೀನಿ ಅಂದೆ.

ಜನವರಿ 12

ಬರೆದುಬಿಟ್ಟೆ.

ಹುಡುಗಿ, ಕಡ್ಡಿ, ಬೂಟು. ಗಸ್ತಿನವನು ಬೀದಿಯಿಂದ ಬೆಳಕು ನೋಡುತ್ತಾನೆ, ಓಡುತ್ತಾನೆ, ಬಾಗಿಲಿಗೆ ಒಳಗಿಂದ ಚಿಲಕ. ಆಡುವವನು ಏನೇ ಮಾಡಿದರೂ ಎದುರು ಮನೆ ಉಳಿಯುವುದಿಲ್ಲ. ಗಡಿಯಾರದವನನ್ನು ಚಮ್ಮಾರನನ್ನಾಗಿ ಮಾಡಿದೆ. ಅಷ್ಟಾದರೂ ಮರ್ಯಾದೆ ಇಟ್ಟುಕೊಂಡೆನಲ್ಲ. ಹೆಸರಿಲ್ಲ, ಊರಿಲ್ಲ, ಅಜ್ಜಿ ಜನ್ಮದಲ್ಲಿ ಗೇಮ್ ಮುಟ್ಟಿದವಳಲ್ಲ. ಯಾರಿಗೆ ಗೊತ್ತಾಗುತ್ತದೆ.

ಗಡ್ಡ ಓದಿ ಕನ್ನಡಕ ತೆಗೆದ. "ಇದೇ ನಾನು ಕೇಳಿದ್ದು. ಎಲ್ಲಿಂದ ಬಂತು?"

ಹೊಳೀತು ಅಂದೆ.

ಫೆಬ್ರವರಿ 20

ಪ್ಲೇಟೆಸ್ಟ್. ಹೊರಗಿನವರನ್ನು ಕರೆಸಿ, ಆಡಲು ಕೂರಿಸಿ, ಅವರ ಬೆನ್ನ ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡುವ ಕೆಲಸ. ನಾಲ್ಕನೇ ಅಧ್ಯಾಯದಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಬಾಂಬ್ ಯಾಕೆ ಬಿತ್ತು? ಇದು ಬಗ್ಗಾ, ಪ್ರೋಗ್ರಾಂ ತಪ್ಪಾ?" ಕಡ್ಡಿಗೂ ಬಾಂಬಿಗೂ ಸಂಬಂಧ ಇದೆಯೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ನಾನು ಹಾಗೇ ಬಿಟ್ಟಿದ್ದೆ, ಅಜ್ಜಿ ಹೇಳಿದ ಹಾಗೆ.

ಗಡ್ಡ ಒಪ್ಪಲಿಲ್ಲ. ಒಪ್ಪದಿದ್ದುದು ನ್ಯಾಯವೇ. ನಮ್ಮ ಕಸುಬಿನ ಅ ಆ ಇ ಈ ಅದು — ಆಡುವವನು ಸೋಲಲಿ, ಆದರೆ ಯಾಕೆ ಸೋತೆ ಅಂತ ಅವನಿಗೆ ಗೊತ್ತಾಗಬೇಕು. ಅನುಮಾನ ಉಳಿಸಿದರೆ ಆಟ ಮೋಸ ಮಾಡಿತು ಅನ್ನುತ್ತಾನೆ, ಬಿಟ್ಟು ಎದ್ದು ಹೋಗುತ್ತಾನೆ.

ಊಟಕ್ಕೆ ಮುಂಚೆ ಒಂದು ಶಾಟ್ ಸೇರಿಸಿದೆ. ಕಡ್ಡಿ ಹೊತ್ತಿದ ಕೂಡಲೇ ಕ್ಯಾಮೆರಾ ಕಿಟಕಿಯಿಂದ ಮೇಲೆ, ಮೇಲೆ, ಮೋಡದ ತನಕ. ವಿಮಾನದ ಒಳಗೆ ಪೈಲಟ್. ಕೆಳಗೆ ಕತ್ತಲಲ್ಲಿ ಒಂದೇ ಒಂದು ಹಳದಿ ಚುಕ್ಕೆ. "ಕೆಳಗೊಂದು ಬೆಳಕು," ಅನ್ನುತ್ತಾನೆ. ಕೈ ಬಾಂಬಿನ ಲಿವರ್ ಎಳೆಯುತ್ತದೆ. ಅಷ್ಟೇ.

ಮತ್ತೆ ಆಡಿಸಿದೆವು. ಈ ಸಲ ಯಾರೂ ಯಾಕೆ ಅಂತ ಕೇಳಲಿಲ್ಲ. ಒಬ್ಬಳು ಅತ್ತಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಆಯಿತು. ಖುಷಿಯಾಯಿತು. ಸುಳ್ಳೇಕೆ ಬರೆಯಲಿ, ತುಂಬ ಖುಷಿಯಾಯಿತು.

ಸೆಪ್ಟೆಂಬರ್ 3

ರಿಲೀಸ್. ಆಫೀಸಿನಲ್ಲಿ ಕೇಕು, ಚಪ್ಪಾಳೆ, ಗುಂಡಿಮೇಷ್ಟ್ರ ಆನಂದಬಾಷ್ಪ. ಒಬ್ಬ ವಿಮರ್ಶಕ ಬರೆದಿದ್ದಾನೆ — ಇಷ್ಟು ಪ್ರಾಮಾಣಿಕವಾದ ಯುದ್ಧದ ಗೇಮ್ ಬಂದಿಲ್ಲ, ಪ್ರತಿ ವಿವರವೂ ಸಂಶೋಧನೆಯಿಂದ ಬಂದದ್ದು.

ಸಂಜೆಯ ಹೊತ್ತಿಗೆ ಇಂಟರ್‌ನೆಟ್ಟಿನಲ್ಲಿ ಹುಡುಗಿಗೆ ಹೆಸರೂ ಬಿತ್ತು. "ಬೂಟುರಾಣಿ". ಬೂಟು ಅಪ್ಪಿಕೊಂಡ ಅವಳ ಚಿತ್ರದ ಕೆಳಗೆ ಏನೇನೋ ಬರೆದು ಹಂಚುತ್ತಿದ್ದಾರೆ. ನಗು ಬರುವ ಹಾಗೇ ಇದೆ. ಒಂದಕ್ಕೆ ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ.

ಸೆಪ್ಟೆಂಬರ್ 5

ಮಾವ ಗೇಮ್ ಕೊಂಡುಬಿಟ್ಟಿದ್ದಾನೆ. ಇದನ್ನು ಹೇಗೆ ಮರೆತೆ? ಸಿಟಿ ಬಸ್ ಓಡಿಸಿ ರಿಟೈರ್ ಆದಾಗಿನಿಂದ ಹಾಲ್‌ನ ಟಿವಿ ಅವನದೇ. ದಿನಕ್ಕೊಂದು ಮಹಾಯುದ್ಧ. ಟ್ಯಾಂಕ್ ಓಡಿಸುವಾಗಲೂ ತಿರುವಿನಲ್ಲಿ ನಿಧಾನ ಮಾಡುತ್ತಾನೆ, ಕೈ ತಾನಾಗಿ ಹಾರ್ನ್ ಹುಡುಕುತ್ತದೆ. "ಸೊಸೆ ಮಾಡಿದ ಗೇಮು, ದುಡ್ಡು ಕೊಟ್ಟೇ ಆಡ್ತೀನಿ," ಅಂತ ಬೀಗುತ್ತಿದ್ದ.

"ನಾಲ್ಕನೇದು ಬೋರು ಮಾವ. ಬಿಟ್ಟು ಮುಂದೆ ಹೋಗು," ಅಂದೆ.

"ಸ್ಟಾಪ್ ಬಿಟ್ಟು ಗಾಡಿ ಓಡಿಸಿದವನಲ್ಲ ನಾನು," ಅಂದ.

ಸೆಪ್ಟೆಂಬರ್ 6, ಭಾನುವಾರ

ಆಗಿಹೋಯಿತು.

ಮಧ್ಯಾಹ್ನ. ಅಜ್ಜಿ ಹಾಲ್‌ನಲ್ಲಿ ತನ್ನ ಕುರ್ಚಿಯಲ್ಲಿ. ಒಳಗೆ ಹೋಗೋಣ ಬಾ ಅಜ್ಜಿ ಅಂದೆ. ತಲೆ ಬಾಚ್ತೀನಿ ಅಂದೆ. "ಇರೇ, ನಿನ್ನ ಕೆಲಸ ನೋಡ್ತಿದೀನಿ. ನಮ್ಮ ಬೀದಿ," ಅಂತ ಕೈ ಬಿಡಿಸಿಕೊಂಡಳು. ಪ್ಲಗ್ ಕೀಳಬಹುದಿತ್ತು. ಬಿದ್ದು ಕಾಲು ಮುರಿದುಕೊಳ್ಳಬಹುದಿತ್ತು. ಕಂಬದ ಹಾಗೆ ನಿಂತೆ.

ಹುಡುಗಿ ಮೆಟ್ಟಿಲು ಹತ್ತಿದಳು. ಮಂಚದ ಕೆಳಗೆ ಬಗ್ಗಿದಳು. ಕಡ್ಡಿ.

"ಈ ಪೀಡೆ ಯಾಕೆ ಕಡ್ಡಿ ಗೀರ್ತು ಈಗ?" ಮಾವ ಎದ್ದು ಕೂತ. ಓಡಿದ, ಬಾಗಿಲು ಒದ್ದ, ಆಗಲಿಲ್ಲ. ಕ್ಯಾಮೆರಾ ಮೇಲೆ ಹೋಯಿತು. ಪೈಲಟ್ ಹೇಳುವುದನ್ನು ಹೇಳಿದ. ಎದುರು ಮನೆ ಹೋಯಿತು. ಮಾವ ಮತ್ತೆ ಆಡಿದ. ಮತ್ತೆ ಹೋಯಿತು. "ಎರಡು ಬಿಟ್ಟಿದ್ರೆ ಕಪಾಳಕ್ಕೆ ಸರಿ ಹೋಗೋಳು. ಯಾರ ಮನೆ ಮಗುವೋ, ಒಂದು ಜೊತೆ ಬೂಟಿಗೋಸ್ಕರ ಒಂದು ಸಂಸಾರಾನೇ ತಿಂದ್ಲು."

ಅಜ್ಜಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ನನ್ನ ಕಡೆ ತಿರುಗಲಿಲ್ಲ. ಮಗನನ್ನು ಕೇಳಿದಳು.

"ಅವರಿಗೆ ಕಂಡಿತ್ತಾ?"

"ಕಾಣದೇ ಏನಮ್ಮಾ, ತೋರಿಸಿದ್ರಲ್ಲ."

"ಹೂಂ. ಕಂಡಿತ್ತು."

ಕೋಲು ಹುಡುಕಿ ಎದ್ದು ತನ್ನ ರೂಮಿಗೆ ಹೋದಳು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನುಂಗುವುದಿಲ್ಲ. ಮಾವ ಐದನೇ ಅಧ್ಯಾಯಕ್ಕೆ ಹೋದ.

ಸೆಪ್ಟೆಂಬರ್ 8

ನಿನ್ನೆಯಿಂದ ಅಜ್ಜಿಗೆ ಬರೀ ನೀರು, ಎರಡು ಬಿಸ್ಕತ್ತು. ಅಮ್ಮ ಹೊಟ್ಟೆ ಕೆಟ್ಟಿದೆ ಅಂದುಕೊಂಡಿದ್ದಾಳೆ.

ಬೆಳಿಗ್ಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತೆ. ಮುಖ ಎತ್ತಲಾಗಲಿಲ್ಲ. ಬೈಯುತ್ತಾಳೆ ಅಂತ ಕಾದೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಅಜ್ಜಿ, ಆ ಪೈಲಟ್ಟು... ಅದು ನಾನು ಸೇರಿಸಿದ್ದು. ಯಾವ ಪುಸ್ತಕದಲ್ಲೂ ಇಲ್ಲ."

"ನಂಗೆ ಸಮಾಧಾನ ಮಾಡ್ಬೇಡ ಬಿಡು. ನೀವೆಲ್ಲ ಓದಿದೋರು, ಕೇಳಿ ತಿಳ್ಕೊಂಡು ಮಾಡಿದೋರು. ಒಂದು ಗುಂಡಿನೂ ಸುಳ್ಳಲ್ಲ ಅಂದಿದ್ಯಲ್ಲ. ಇದೊಂದೇ ಸುಳ್ಳಾ?"

"ಹೌದು, ಇದೊಂದೇ ಸುಳ್ಳು."

"ಇಷ್ಟು ವರ್ಷ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಸಾಯೋಕೆ ಮುಂಚೆ ಗೊತ್ತಾಗಿದ್ದು ಒಳ್ಳೇದೇ." ಗೋಡೆ ಕಡೆ ತಿರುಗಿ ಮಲಗಿದಳು. ಹೊಟ್ಟೇಲಿಟ್ಕೋ ಅಂದದ್ದನ್ನು ಎತ್ತಲೇ ಇಲ್ಲ. ಎತ್ತಿದ್ದರೆ ಕಾಲಿಗಾದರೂ ಬೀಳುತ್ತಿದ್ದೆ. ನನ್ನ ಮೇಲೆ ಕೋಪ ಮಾಡಿಕೊಳ್ಳುವುದಕ್ಕೂ ಅವಳಿಗೆ ಈಗ ಪುರುಸೊತ್ತಿಲ್ಲ.

ನಾಚಿಕೆ ಅನ್ನುವ ಮಾತನ್ನು ಎಷ್ಟು ಸಲ ಸುಮ್ಮಸುಮ್ಮನೆ ಆಡಿದ್ದೇನೆ. ಇದು ಬೇರೆ. ಇದು ಊಟದ ತಟ್ಟೆ ಮುಂದೆ ಬಂದು ಕೂರುತ್ತದೆ.

ಸೆಪ್ಟೆಂಬರ್ 10

ಗಡ್ಡನ ಹತ್ತಿರ ಹೋದೆ. ಆ ಶಾಟ್ ತೆಗೆಯೋಣ, ಕೊಂಡವರಿಗೆಲ್ಲ ತಿದ್ದಿದ ಪ್ಯಾಚ್ ಬಿಡೋಣ ಅಂದೆ. ಹುಚ್ಚಿ ಅನ್ನುವ ಹಾಗೆ ನೋಡಿದ. "ಜನ ಅಳ್ತಿರೋದೇ ಆ ಶಾಟ್‌ಗೆ. ಕಾರಣ ಹೇಳಿ, ತೆಗೀತೀನಿ."

ಕಾರಣ ಹೇಳಬೇಕಾದರೆ ಅಜ್ಜಿಯನ್ನು ಇನ್ನೊಮ್ಮೆ ಮಾರಬೇಕು.

"ಯಾರಾದ್ರೂ ನಿಜವಾದವರ ಕಥೆಯಾ ಅದು?" ಎಂದ. ಅಲ್ಲ, ಅಲ್ಲ, ಅಲ್ಲ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಅವನಿಗೆ ಅರ್ಥವಾಯಿತೋ ಏನೋ. ಸುಮ್ಮನೆ ಕಂಪ್ಯೂಟರ್ ಕಡೆ ತಿರುಗಿದ.

ಸೆಪ್ಟೆಂಬರ್ 17

ಊಟದ ಬಿಡುವಿನಲ್ಲೆಲ್ಲ ಕೂತು ಬೇರೆಯದೇ ಒಂದು ಬಿಲ್ಡ್ ಮಾಡಿದೆ, ಗೇಮಿನ ಇನ್ನೊಂದು ರೂಪ. ಮನೆಗೆ ಮಾತ್ರ. ಪೈಲಟ್ ಇಲ್ಲ. ಗಸ್ತಿನವನು ಕೂಗಿದರೆ ಹುಡುಗಿ ಕಡ್ಡಿ ಊದಿ ಆರಿಸುತ್ತಾಳೆ.

ಇಲ್ಲಿಗೆ ಬಂದು ಸಿಕ್ಕಿಬಿದ್ದೆ. ಆರಿಸಿದ ಮೇಲೆ ಎದುರು ಮನೆಗೆ ಏನಾಗಬೇಕು? ಮನೆ ಉಳಿದರೆ ತಪ್ಪು ಕಡ್ಡಿಯದೇ ಅಂತಾಯಿತು. ಉಳಿಯದಿದ್ದರೆ ಕಡ್ಡಿಗೂ ಬಾಂಬಿಗೂ ಸಂಬಂಧವೇ ಇಲ್ಲ ಅಂತಾಯಿತು, ಅದೂ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನು ಗೇಮಿನಲ್ಲಿ ಹೇಗೆ ತೋರಿಸುವುದು? ಬರುವುದಿಲ್ಲ ನನಗೆ. ನಾನು ಕಲಿತ ವಿದ್ಯೆಯೇ ಅದನ್ನು ತೆಗೆದುಹಾಕುವುದು.

ಕೊನೆಗೆ ಕಡ್ಡಿ ಆರಿದರೂ ಮನೆ ಬೀಳುವ ಹಾಗೆ ಮಾಡಿದೆ. ಅಜ್ಜಿ ಊಟ ಮಾಡಲಿ.

ಸೆಪ್ಟೆಂಬರ್ 20, ಭಾನುವಾರ

ಮಾವ ಸ್ಕೂಟರಿಗೆ ಟೈರ್ ನೋಡಿ ಬರುತ್ತೇನೆ ಅಂತ ಹೋಗಿದ್ದ. ಅಜ್ಜಿಯನ್ನು ಕೈ ಹಿಡಿದು ಕರೆತಂದೆ. ಒಂದೇ ಸಲ ನೋಡು, ಸರಿಯಾದದ್ದು ಇದು ಅಂದೆ. ಬಂದಳು. ಎಷ್ಟು ಹಗುರ ಆಗಿದ್ದಾಳೆ.

ಗಸ್ತಿನವನು ಕೂಗಿದ. ಹುಡುಗಿ ಕಡ್ಡಿ ಊದಿದಳು. ಬೀದಿ ಪೂರ್ತಿ ಕತ್ತಲು. ಎಷ್ಟೋ ಹೊತ್ತಾದ ಮೇಲೆ ಬಾಂಬ್ ಬಿತ್ತು. ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ.

"ಅದು ಅಂಗಡೀಲಿ ಸಿಗತ್ತಲ್ಲ, ನಿಮ್ಮ ಮಾವ ತಂದಿದ್ದು."

"ಹೂಂ."

"ಇದು?"

"ಇದು... ಇದು ನಿನಗೆ ಅಂತ ಮಾಡಿದ್ದು."

ಅಜ್ಜಿ ತಲೆಯಾಡಿಸಿದಳು. ಸಿಟ್ಟಿರಲಿಲ್ಲ. ದನಿ ಮೆತ್ತಗೇ ಇತ್ತು.

"ನನ್ನ ತಪ್ಪು ಅನ್ನೋದನ್ನ ಊರಿಗೆಲ್ಲ ಹಂಚಿದೆ. ತಪ್ಪಿಲ್ಲ ಅನ್ನೋದನ್ನ ನಂಗೊಬ್ಳಿಗೆ, ಬಾಗಿಲು ಹಾಕ್ಕೊಂಡು ತೋರಿಸ್ತಿದೀಯ. ಯಾವುದನ್ನ ನಂಬ್ಲಿ ಹೇಳು."

ಟಿವಿ ಆರಿಸಿದೆ.

ಸೆಪ್ಟೆಂಬರ್ 21

ಬೆಳಿಗ್ಗೆ ಕೆಲಸಕ್ಕೆಂದು ಕ್ಲಿನಿಕ್ಕಿಗೆ ಹೊರಟಿದ್ದ ಅಮ್ಮ ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದಳು. "ನಿಮ್ಮಿಬ್ಬರಿಗೂ ಏನಾಗಿದೆ? ಅಜ್ಜಿ ಬಾಯಿ ಬಿಡಲ್ಲ, ನೀನು ಕಣ್ಣೆತ್ತಲ್ಲ. ಅವಳಿಗೆ ಏನಂದೆ ನೀನು?"

ಏನೂ ಅನ್ನಲಿಲ್ಲ ಅಂದೆ. ಗುರುತಿಲ್ಲದವರು ಲಕ್ಷಗಟ್ಟಲೆ ಆಡಿ ನಕ್ಕ ಕಥೆ, ಅಜ್ಜಿಯ ಸ್ವಂತ ಮಗಳಿಗೆ ಗೊತ್ತಿಲ್ಲ. ನಾನು ಹೇಳುವ ಹಾಗಿಲ್ಲ. ಈಗ ನೆನಪಾಯಿತು ನನಗೆ, ಹೇಳುವ ಹಾಗಿಲ್ಲ ಅಂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡನ್ನೂ ಮಾಡಿ ಮುಗಿಸಿದ ಮೇಲೆ ಬಾಯಿಗೆ ಬೀಗ.

ಆಫೀಸಿಗೆ ರಜಾ ಹಾಕಿ ರೂಮಿನಲ್ಲಿ ಕೂತಿದ್ದೇನೆ.

ಅಜ್ಜಿ ಕರೆದಳು. ಓಡಿದೆ. ನನ್ನನ್ನಲ್ಲ, ಅಮ್ಮನನ್ನು ಕರೆದದ್ದು. "ಬ್ಯಾಗ್ ಕೆಳಗಿಡು. ಬಾಗಿಲು ಹಾಕ್ಕೊಂಡು ಬಾ. ಇವಳ ಕಂಪ್ಯೂಟರ್‌ನಿಂದ ನಿಂಗೆ ಗೊತ್ತಾಗೋದು ಬೇಡ." ಅಮ್ಮ ನನ್ನ ಮುಖ ನೋಡಿ ಒಳಗೆ ಹೋದಳು.

ನಾನು ನನ್ನ ರೂಮಿಗೆ ವಾಪಸ್ ಬಂದೆ. ಆಗಿನಿಂದ ಅಜ್ಜಿಯ ದನಿ ಒಂದೇ ಸಮ ಬರುತ್ತಿದೆ. ಮಾತು ಕೇಳಿಸುತ್ತಿಲ್ಲ. ಅಮ್ಮನ ದನಿ ಒಂದು ಸಲವೂ ಬರಲಿಲ್ಲ.

ಈಗ ನಿಂತಿತು.

ಬಾಗಿಲು ತೆಗೆದ ಸದ್ದು. ಅಮ್ಮ ಕ್ಲಿನಿಕ್ಕಿಗೆ ಹೋಗಲಿಲ್ಲ. ನನ್ನ ಬಾಗಿಲ ಹೊರಗೆ ನಿಂತಿದ್ದಾಳೆ, ಕೆಳಗಿನ ಸಂದಿಯಲ್ಲಿ ಅವಳ ಕಾಲು ಕಾಣುತ್ತಿದೆ. ಬಾಗಿಲು ತಟ್ಟುತ್ತಿಲ್ಲ. ನಾನೇ ಎದ್ದು ತೆಗೆಯಬೇಕು. ತೆಗೆದು ಮೊದಲು ಹೇಳಬೇಕು, ಆ ಪೈಲಟ್ ನಾನು ಸೇರಿಸಿದ ಸುಳ್ಳು ಅಂತ.